ಶ್ವಾಸಕೋಶದಲ್ಲಿ ಲಿಂಫೋಮಾ ಅನುಮಾನ ಬಂದಾಗ: ಯಾವ ಬಯಾಪ್ಸಿ, ಯಾವ ಜೀನ್ ಟೆಸ್ಟ್?

"ಭಾವ, ಒಂದು ಫಾರ್ಮ್ ಕೊಟ್ಟಿದ್ದಾರೆ. ನಾಲ್ಕೈದು ಟೆಸ್ಟಿನ ಹೆಸರಿದೆ. ಯಾವುದಕ್ಕೆ ಟಿಕ್ ಹಾಕಲಿ?"

ಹೆಂಡತಿಯ ಸೋದರಮಾವನ ಮಗ ಹೀಗೆ ಫೋನ್ ಮಾಡಿದಾಗ ನಾನು ಮುಂಬೈಯ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಜನರ ನಡುವೆ ಸಿಕ್ಕಿಕೊಂಡಿದ್ದೆ. ಅವನ ಅಪ್ಪ, ಅಂದರೆ ಮಾವ, ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವರು. ಸಿಗರೇಟು ಮುಟ್ಟಿದವರಲ್ಲ. ಆದರೂ ಎಂಟು ತಿಂಗಳಿಂದ ಕೆಮ್ಮು. ಮೊದಲು ನ್ಯುಮೋನಿಯಾ ಅಂತ ಆಂಟಿಬಯಾಟಿಕ್ ಆಯಿತು. ಆಮೇಲೆ ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಇರಬಹುದು ಅಂತ ಆರು ತಿಂಗಳ ಕೋರ್ಸ್. ಎಕ್ಸ್‌ರೇಯಲ್ಲಿದ್ದ ಬಿಳಿ ಮಚ್ಚೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ, ಬಯಾಪ್ಸಿ. "ಲಿಂಫೋಮಾ ಇರಬಹುದು, ಮಾಲಿಕ್ಯುಲರ್ ಟೆಸ್ಟ್ ಮಾಡಿಸಿ" ಅಂದರಂತೆ. ಅಂದರೆ ಜೀನ್ ಟೆಸ್ಟ್.

"ಟಿಕ್ ಆಮೇಲೆ ಹಾಕು ಮಾರಾಯ. ಚೂರು ತೆಗೆದಾಗ ಎಷ್ಟು ಡಬ್ಬಿಗೆ ಹಾಕಿದರು ಅಂತ ಕೇಳಿಕೊಂಡು ಬಾ" ಅಂದೆ.

ಒಂದೇ ಡಬ್ಬಿ. ಅದೂ ಫಾರ್ಮಲಿನ್, ಚೂರು ಕೆಡದಂತೆ ಮುಳುಗಿಸಿಡುವ ದ್ರವ. ಅಲ್ಲಿಗೆ ಫಾರ್ಮಿನಲ್ಲಿದ್ದ ಎರಡು ಟೆಸ್ಟುಗಳು ತಾವಾಗಿಯೇ ಅಳಿಸಿಹೋದವು.

ನಾನು ಡಾಕ್ಟರಲ್ಲ. ಈ ಊರಿನ ಲ್ಯಾಬುಗಳಲ್ಲಿ ಇಪ್ಪತ್ತು ವರ್ಷದಿಂದ ಮೇಣದ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ಬಯಾಪ್ಸಿ ಚೂರು, ಕೊಯ್ದು ಸ್ಲೈಡ್ ಮಾಡುವ ಟೆಕ್ನಿಷಿಯನ್. ಯಾವ ಚೂರಿನಿಂದ ಯಾವ ಟೆಸ್ಟ್ ಆಗುತ್ತದೆ, ಯಾವುದರಿಂದ ಆಗುವುದಿಲ್ಲ ಅನ್ನುವುದನ್ನು ದಿನಾ ಕೈಯಲ್ಲಿ ಹಿಡಿದು ನೋಡುತ್ತೇನೆ. ಜೀನ್ ಟೆಸ್ಟ್ ಆರಿಸುವ ಕೆಲಸ ಬಹುಪಾಲು ಬಯಾಪ್ಸಿ ಟೇಬಲ್ಲಿನ ಮೇಲೇ ಮುಗಿದಿರುತ್ತದೆ. ಆದ್ದರಿಂದ ಮೊದಲು ಚೂರಿನ ಮಾತು, ಆಮೇಲೆ ಟೆಸ್ಟಿನ ಮಾತು.

ಯಾಕೆ ಇಷ್ಟು ಗೋಜಲು

ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟುಗಳಲ್ಲಿ ಶುರುವಾಗುತ್ತದೆ. ಶ್ವಾಸಕೋಶದಲ್ಲೇ ಹುಟ್ಟುವುದು ತೀರಾ ಅಪರೂಪ. ಶ್ವಾಸಕೋಶದಲ್ಲಿ ಶುರುವಾಗುವ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದೂ ಇದಲ್ಲ. ಅದರಲ್ಲೂ ಹೆಚ್ಚಿನವು ಮಾಲ್ಟ್ ಲಿಂಫೋಮಾ ಎಂಬ ನಿಧಾನದ ಜಾತಿ. ಇದು ವರ್ಷಗಟ್ಟಲೆ ಸುಮ್ನೆ ಕೂತಿರಬಹುದು. ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ, ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಕಾಣುತ್ತದೆ. ಐದು ವರ್ಷದ ನಂತರವೂ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಬದುಕಿರುತ್ತಾರೆ. ಎರಡನೆಯದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಇದು ಬೇಗ ಬೆಳೆಯುತ್ತದೆ, ತಡ ಮಾಡದೆ ಕೀಮೋ ಶುರು ಮಾಡಬೇಕು. ಮೂರನೆಯದು ಇನ್ನೂ ಅಪರೂಪ, ಲಿಂಫೋಮಟಾಯ್ಡ್ ಗ್ರಾನ್ಯುಲೊಮಟೋಸಿಸ್ ಅಂತ. ಹೆಸರು ನೆನಪಿಡಬೇಕಾಗಿಲ್ಲ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ನಂಟು ಇದಕ್ಕಿದೆ ಅನ್ನುವುದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಿಟಿಯಲ್ಲಿ ಮಾಲ್ಟ್ ಲಿಂಫೋಮಾ ಮತ್ತು ವಾಸಿಯಾಗದ ನ್ಯುಮೋನಿಯಾ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬಿಳಿಯಾದ ಜಾಗ, ಅದರೊಳಗೆ ಕಪ್ಪು ಕೊಂಬೆಗಳಂತೆ ಗಾಳಿಯ ನಳಿಗೆಗಳು. ಪೆಟ್ ಸ್ಕ್ಯಾನಿನಲ್ಲಾದರೂ ಗೊತ್ತಾಗುತ್ತದಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ. ಟಿಬಿಯೂ ಪೆಟ್‌ನಲ್ಲಿ ಚೆನ್ನಾಗಿ ಹೊಳೆಯುತ್ತದೆ. ನಿಧಾನದ ಲಿಂಫೋಮಾ ಕೆಲವೊಮ್ಮೆ ಮಂಕಾಗಿಯೇ ಇರುತ್ತದೆ. ಮುಂಬೈಯಂಥ ಊರಿನಲ್ಲಿ ಹಳೆ ಕೆಮ್ಮು ಅಂದಕೂಡಲೇ ಟಿಬಿ ಅನ್ನುವುದು ತಪ್ಪೂ ಅಲ್ಲ. ಬಹಳ ಸಲ ಅದು ಟಿಬಿಯೇ. ಮಾತ್ರೆ ನುಂಗಿ ನುಂಗಿ ತಿಂಗಳುಗಳು ಕಳೆದರೂ ಮಚ್ಚೆ ಕರಗದಿದ್ದಾಗ ಯಾರೂ ಮತ್ತೆ ಪ್ರಶ್ನೆ ಕೇಳದಿರುವುದು ತಪ್ಪು.

ಇನ್ನೊಂದು ಗೋಜಲು ಮೈಕ್ರೋಸ್ಕೋಪಿನ ಕೆಳಗಿದೆ. ಟಿಬಿ, ಶೋಗ್ರೆನ್ ಎಂಬ ಬಾಯಿ-ಕಣ್ಣು ಒಣಗುವ ಕಾಯಿಲೆ, ಬೇರೆ ಉರಿಯೂತಗಳು, ಎಲ್ಲದರಲ್ಲೂ ಲಿಂಫೋಸೈಟುಗಳು ಗುಂಪುಗಟ್ಟುತ್ತವೆ. ಮಾಲ್ಟ್ ಲಿಂಫೋಮಾದ ಕಣಗಳೂ ಚಿಕ್ಕವೇ, ಸಾಧುವಾಗೇ ಕಾಣುತ್ತವೆ. ನೋಟದಿಂದಲೇ ಹೇಳುವುದು ಕಷ್ಟವಾದಾಗ ಮಾಲಿಕ್ಯುಲರ್ ಟೆಸ್ಟ್ ಬೇಕಾಗುತ್ತದೆ.

ಚೂರು ತೆಗೆಯುವ ದಾರಿಗಳು

ಸೂಜಿ ಹಾಕಿ ಕಣ ಎಳೆಯುವ ಎಫ್‌ಎನ್‌ಎಸಿ ಅಗ್ಗ, ಬೇಗ ಆಗುತ್ತದೆ. ಆದರೆ ಲಿಂಫೋಮಾವನ್ನು ಮೊದಲ ಸಲ ಗುರುತಿಸಲು ಅದನ್ನೊಂದೇ ನಂಬಬೇಡಿ. ಅದರಲ್ಲಿ ಬರುವುದು ಬಿಡಿ ಕಣಗಳು. ಕಣಗಳು ಹೇಗೆ ಹೆಣೆದುಕೊಂಡಿದ್ದವು, ಶ್ವಾಸನಾಳದ ಗೋಡೆಗೆ ನುಗ್ಗಿದ್ದವಾ ಅನ್ನುವುದು ಕಾಣುವುದಿಲ್ಲ. ಜಾತಿ ಹೇಳಲು ಅದೇ ಮುಖ್ಯ.

ಬ್ರಾಂಕೋಸ್ಕೋಪಿಯಲ್ಲಿ ಮೂಗು ಅಥವಾ ಬಾಯಿಂದ ನಳಿಗೆ ಇಳಿಸಿ ಚಿಕ್ಕ ಇಕ್ಕಳದಿಂದ ಚೂರು ಕೀಳುತ್ತಾರೆ. ಅಪಾಯ ಕಡಿಮೆ, ಅದೇ ದಿನ ಮನೆಗೆ ಬರಬಹುದು. ಜೊತೆಗೆ ಉಪ್ಪುನೀರು ಬಿಟ್ಟು ತೊಳೆದು ತೆಗೆದ ದ್ರವವೂ ಸಿಗುತ್ತದೆ. ಅದನ್ನು ನಾವು ಬಾಲ್ ಅನ್ನುತ್ತೇವೆ. ತೊಂದರೆ ಎಂದರೆ ಚೂರು ಎಳ್ಳಿನಷ್ಟು, ಒಂದೆರಡು ಮಿಲಿಮೀಟರ್. ಲಿಂಫೋಸೈಟುಗಳು ಬಹಳ ನಾಜೂಕು, ಇಕ್ಕಳ ಹಿಡಿದಾಗ ನಜ್ಜುಗುಜ್ಜಾಗುತ್ತವೆ. ಸ್ಲೈಡಿನಲ್ಲಿ ಕಾಡಿಗೆ ತೀಡಿದ ಹಾಗೆ ಕಾಣುತ್ತದೆ. ಮಾವನ ಮೊದಲ ಬಯಾಪ್ಸಿ ಹೀಗೇ ಆಗಿತ್ತು. ಇದೇ ದಾರಿಯಲ್ಲಿ ಚೂರನ್ನು ಹೆಪ್ಪುಗಟ್ಟಿಸಿ ತೆಗೆಯುವ ಕ್ರಯೋಬಯಾಪ್ಸಿಯೂ ಇದೆ. ಚೂರು ದೊಡ್ಡದು, ನಜ್ಜುವುದಿಲ್ಲ, ಆದರೆ ರಕ್ತಸ್ರಾವದ ಭಯ ಜಾಸ್ತಿ. ಕೈ ಪಳಗಿದವರು ಇರುವಲ್ಲಿ ಮಾತ್ರ ಮಾಡಿಸಬೇಕಾದದ್ದು.

ಎದೆಯ ನಡುವಿನ ಗಂಟುಗಳು ಊದಿದ್ದರೆ ಈಬಸ್, ಅಂದರೆ ಬ್ರಾಂಕೋಸ್ಕೋಪಿಗೇ ಸೋನೋಗ್ರಫಿ ಜೋಡಿಸಿ ಸೂಜಿ ಹಾಕುವುದು. ಟಿಬಿ ಹುಡುಕಲು, ಹಿಂದೆ ಇದ್ದ ಲಿಂಫೋಮಾ ಮರಳಿತಾ ನೋಡಲು ಒಳ್ಳೆಯದು. ಹೊಸದಾಗಿ ಜಾತಿ ನಿರ್ಧರಿಸಲು ಕೆಲವೊಮ್ಮೆ ಸಾಲುವುದಿಲ್ಲ.

ಮಚ್ಚೆ ಶ್ವಾಸಕೋಶದ ಅಂಚಿನಲ್ಲಿ, ಪಕ್ಕೆಲುಬಿನ ಹತ್ತಿರ ಇದ್ದರೆ ನನ್ನ ಮತ ಸಿಟಿ ಗೈಡೆಡ್ ಕೋರ್ ಬಯಾಪ್ಸಿಗೆ. ಸ್ಕ್ಯಾನ್ ನೋಡುತ್ತಾ ಹೊರಗಿನಿಂದ ದಪ್ಪ ಸೂಜಿ ಹಾಕಿ, ಶ್ಯಾವಿಗೆ ಎಳೆಯಂಥ ತುಂಡುಗಳನ್ನು ತೆಗೆಯುತ್ತಾರೆ. 18 ಗೇಜ್ ಸೂಜಿಯಲ್ಲಿ ನಾಲ್ಕೈದು ಎಳೆ ಸಿಕ್ಕರೆ ನಮ್ಮಂಥವರಿಗೆ ಹಬ್ಬ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುವ ಅಪಾಯ ಇದೆ. ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ, ಕೆಲವರಿಗೆ ನಳಿಗೆ ಹಾಕಬೇಕಾಗುತ್ತದೆ. ಉಬ್ಬಸ, ಎಂಫಿಸೀಮಾ ಇರುವವರು ಇದನ್ನು ಮುಂಚೆಯೇ ಮಾತಾಡಿಕೊಳ್ಳಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಂತೂ ಹೇಳದೆ ಇರಲೇಬಾರದು.

ಕೊನೆಯದು ವ್ಯಾಟ್ಸ್. ಪೂರ್ತಿ ಅರಿವಳಿಕೆ ಕೊಟ್ಟು, ಎದೆಯಲ್ಲಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಹಾಕಿ ಒಂದು ಹೋಳನ್ನೇ ಕತ್ತರಿಸಿ ತೆಗೆಯುವುದು. ಅನುಮಾನಕ್ಕೆ ಜಾಗವೇ ಉಳಿಯದಷ್ಟು ಚೂರು ಇದರಲ್ಲಿ ಸಿಗುತ್ತದೆ. ಆದರೆ ಅದು ಆಪರೇಷನ್ನು. ನಾಲ್ಕು ದಿನ ಆಸ್ಪತ್ರೆ, ಖರ್ಚು, ಮನೆಯವರ ಓಡಾಟ. ಕೋರ್ ಬಯಾಪ್ಸಿ ಎರಡು ಸಲವೂ ಏನೂ ಹೇಳದಿದ್ದರೆ ಮೂರನೇ ಸಲ ಅದನ್ನೇ ಮಾಡಿಸುವ ಬದಲು ಇದಕ್ಕೆ ಹೋಗಿ ಅಂತ ನಾನು ಹೇಳುತ್ತೇನೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಮ್ಮು, ಉಬ್ಬಸಕ್ಕೆ ಅಂತ ಎಷ್ಟೋ ಕಡೆ ಸ್ಟೀರಾಯ್ಡ್ ಮಾತ್ರೆ ಬರೆದುಬಿಡುತ್ತಾರೆ. ಲಿಂಫೋಮಾದ ಕಣಗಳು ಸ್ಟೀರಾಯ್ಡಿಗೆ ಸಾಯುತ್ತವೆ, ಮಚ್ಚೆ ತಾತ್ಕಾಲಿಕವಾಗಿ ಕುಗ್ಗುತ್ತದೆ. ಆಗ ಬಯಾಪ್ಸಿ ಮಾಡಿದರೆ ಬರೀ ಸತ್ತ ಕಣ ಸಿಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಏಕಾಏಕಿ ನಿಲ್ಲಿಸುವುದೂ ಅಪಾಯ. ಆದರೆ ತಗೊಂಡಿದ್ದೀರಿ ಅನ್ನುವುದನ್ನು ಬಯಾಪ್ಸಿ ಮಾಡುವವರಿಗೆ ಮೊದಲೇ ಹೇಳಿ. ಔಷಧಿ ಚೀಟಿ ಕೈಯಲ್ಲೇ ಇರಲಿ.

ಮೂರು ಡಬ್ಬಿ

ಬಯಾಪ್ಸಿಯ ಹಿಂದಿನ ದಿನ ಡಾಕ್ಟರಿಗೆ ಒಂದೇ ಮಾತು ಕೇಳಿ: "ಲಿಂಫೋಮಾ ಮತ್ತು ಟಿಬಿ ಎರಡರ ಅನುಮಾನವೂ ಇದೆಯಲ್ವಾ, ಚೂರನ್ನು ಮೂರು ಕಡೆ ಹಾಕುತ್ತೀರಾ?"

ಒಂದು ಡಬ್ಬಿಯಲ್ಲಿ ಫಾರ್ಮಲಿನ್. ಹೆಚ್ಚಿನ ಚೂರು ಇದಕ್ಕೇ. ಮೇಣದ ಬ್ಲಾಕ್ ಆಗುವುದು ಇದರಿಂದಲೇ. ಇನ್ನೊಂದರಲ್ಲಿ ಬರೀ ಸಲೈನ್, ಟಿಬಿ ಪರೀಕ್ಷೆಗೆ. ಫಾರ್ಮಲಿನ್‌ನಲ್ಲಿ ಟಿಬಿ ರೋಗಾಣು ಸತ್ತುಹೋಗುತ್ತದೆ, ಕಲ್ಚರ್ ಮಾಡಲು, ಅಂದರೆ ರೋಗಾಣುವನ್ನು ಬೆಳೆಸಿ ನೋಡಲು ಬರುವುದಿಲ್ಲ. ಮೂರನೆಯದರಲ್ಲಿ ಆರ್‌ಪಿಎಂಐ ಎಂಬ ಗುಲಾಬಿ ಬಣ್ಣದ ದ್ರವ, ಫ್ಲೋ ಸೈಟೋಮೆಟ್ರಿ ಎಂಬ ಟೆಸ್ಟಿಗೆ. ಅಲ್ಲಿ ಕಣಗಳು ಜೀವಂತ ಇರಬೇಕು.

ಈ ಮೂರನೇ ಡಬ್ಬಿ ಒಂದು ದಿನದೊಳಗೆ ಲ್ಯಾಬ್ ಮುಟ್ಟಬೇಕು. ಅದಕ್ಕೇ ದಿನ ನೋಡಿ ಬಯಾಪ್ಸಿ ಇಟ್ಟುಕೊಳ್ಳಿ ಅನ್ನುವುದು. ಪಂಚಾಂಗ ನೋಡಿ ಅಂತಲ್ಲ. ಜುಲೈಯಲ್ಲಿ ಹಿಂದ್‌ಮಾತಾದಲ್ಲಿ ಸೊಂಟದ ಮಟ್ಟ ನೀರು ನಿಂತ ದಿನ ಸ್ಯಾಂಪಲ್ ತರುವ ಹುಡುಗ ಸಂಜೆವರೆಗೆ ಬೈಕ್ ತಳ್ಳಿಕೊಂಡು ಬಂದದ್ದು ನೋಡಿದ್ದೇನೆ. ಗಣಪತಿ ವಿಸರ್ಜನೆಯ ದಿನ ಲಾಲ್‌ಬಾಗ್, ಪರೇಲ್ ದಾಟುವುದು ದೇವರಿಗೇ ಕಷ್ಟ. ಶನಿವಾರ ಸಂಜೆಯ ಚೂರಿಗೆ ಬೇರೆ ಗತಿ. ಫಾರ್ಮಲಿನ್‌ನಲ್ಲೇ ಸೋಮವಾರದವರೆಗೆ, ರಜೆ ಬಂದರೆ ಮಂಗಳವಾರದವರೆಗೆ ಮುಳುಗಿರುತ್ತದೆ. ಮೂರು ದಿನ ಮೀರಿದರೆ ಡಿಎನ್‌ಎ ಚೂರುಚೂರಾಗಿ ಜೀನ್ ಟೆಸ್ಟಿಗೆ ಕೈಕೊಡುತ್ತದೆ. ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಹೊತ್ತು ಮಾಡಿಸುವುದು ವಾಸಿ.

ಈಗ ಆ ಫಾರ್ಮಿನ ಟೆಸ್ಟುಗಳು

ಮಾಲಿಕ್ಯುಲರ್‌ಗೆ ಮೊದಲು ಐಎಚ್‌ಸಿ ಆಗಲೇಬೇಕು. ಸ್ಲೈಡಿನ ಮೇಲೆ ಬಣ್ಣ ಹಾಕಿ ಯಾವ ಕಣ ಯಾವ ಜಾತಿ ಅಂತ ಗುರುತಿಸುವುದು ಇದು. ಸಿಡಿ20 ಬಂದರೆ ಬಿ-ಕಣ, ಸಿಡಿ3 ಬಂದರೆ ಟಿ-ಕಣ. ಸಿಡಿ5, ಸಿಡಿ10, ಸೈಕ್ಲಿನ್ ಡಿ1 ಇವು ಬೇರೆ ಬೇರೆ ಲಿಂಫೋಮಾಗಳನ್ನು ಬೇರ್ಪಡಿಸುತ್ತವೆ. ಕಣಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ ಅನ್ನುವುದನ್ನು ಕೆಐ-67 ಹೇಳುತ್ತದೆ. ಇದರ ಉತ್ತರ ಬರುವ ಮೊದಲು ಲಿಂಫೋಮಾದ ಜೀನ್ ಟೆಸ್ಟಿಗೆ ಹಣ ಕಟ್ಟಬೇಡಿ. ಯಾಕೆಂದರೆ ಮುಂದಿನ ಟೆಸ್ಟ್ ಯಾವುದು ಅನ್ನುವುದನ್ನು ಪೆಥಾಲಜಿಸ್ಟ್ ಇದನ್ನು ನೋಡಿಯೇ ನಿರ್ಧರಿಸುತ್ತಾರೆ.

ಸಿಬಿನಾಟ್ ಟಿಬಿಯ ಜೀನ್ ಟೆಸ್ಟ್. 2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಮೆಷಿನ್ನಿಗೆ ಹಾಕಿದ ಎರಡು ಗಂಟೆಯಲ್ಲಿ ಉತ್ತರ, ಜೊತೆಗೆ ರಿಫಾಂಪಿಸಿನ್ ಎಂಬ ಟಿಬಿ ಔಷಧಿ ಕೆಲಸ ಮಾಡುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಲಿಂಫೋಮಾ ಅನುಮಾನ ಇದ್ದರೂ ಇದನ್ನು ಬಿಡಬೇಡಿ. ಆದರೆ ಎರಡು ಮಾತು. ಇದು ನೆಗೆಟಿವ್ ಬಂದರೆ ಟಿಬಿ ಇಲ್ಲವೇ ಇಲ್ಲ ಅಂತಲ್ಲ, ಕಲ್ಚರ್ ಬರುವವರೆಗೆ ಆರು ವಾರ ಕಾಯಬೇಕಾಗಬಹುದು. ಟಿಬಿ ಔಷಧಿ ಮುಗಿಸಿದವರಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಇನ್ನೂ ಉಳಿದು ಪಾಸಿಟಿವ್ ತೋರಿಸಬಹುದು. ಟಿಬಿ, ಲಿಂಫೋಮಾ ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ಫ್ಲೋ ಸೈಟೋಮೆಟ್ರಿಯಲ್ಲಿ ಜೀವಂತ ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುತ್ತಾರೆ. ಬಿ-ಕಣಗಳ ಮೇಲೆ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಗುರುತು ಇರುತ್ತದೆ. ಆರೋಗ್ಯವಂತರಲ್ಲಿ ಎರಡೂ ಬೆರೆತಿರುತ್ತವೆ. ಎಲ್ಲವೂ ಒಂದೇ ಆದರೆ ಅನುಮಾನ ಗಟ್ಟಿ. ಒಂದೆರಡು ದಿನದಲ್ಲಿ ಉತ್ತರ ಸಿಗುವುದು, ಬಾಲ್ ದ್ರವದಲ್ಲೂ ಮಾಡಲು ಬರುವುದು ಇದರ ಲಾಭ. ದೊಡ್ಡ ಕಣದ ಲಿಂಫೋಮಾದಲ್ಲಿ ಕಣಗಳು ದಾರಿಯಲ್ಲೇ ಒಡೆದುಹೋಗಿ ಏನೂ ಸಿಗದಿರಬಹುದು. ಹಾಡ್‌ಕಿನ್ ಎಂಬ ಲಿಂಫೋಮಾ ಇದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಫಾರ್ಮಲಿನ್‌ಗೆ ಬಿದ್ದ ಚೂರಿಗೆ ಈ ಟೆಸ್ಟ್ ಇಲ್ಲ.

ಕ್ಲೋನಾಲಿಟಿ ಪಿಸಿಆರ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇದರ ರಿಪೋರ್ಟನ್ನೇ ಜನ ಅತಿ ಹೆಚ್ಚು ತಪ್ಪಾಗಿ ಓದುವುದು. ಲೋಕಲ್ ಟ್ರೇನಿನಲ್ಲಿ ಪ್ರತಿಯೊಬ್ಬರ ಪಾಸಿನ ನಂಬರ್ ಬೇರೆ ಅಲ್ವಾ. ಹಾಗೆ ನಮ್ಮ ಮೈಯಲ್ಲಿ ಪ್ರತಿ ಬಿ-ಕಣವೂ ಐಜಿಎಚ್ ಎಂಬ ಜೀನನ್ನು ತನ್ನದೇ ರೀತಿಯಲ್ಲಿ ಕತ್ತರಿಸಿ ಅಂಟಿಸಿಕೊಂಡಿರುತ್ತದೆ. ಸೋಂಕು ಬಂದಾಗ ಸಾವಿರ ಬಗೆಯ ಕಣಗಳು ಸೇರುತ್ತವೆ, ಸಾವಿರ ನಂಬರ್. ಲಿಂಫೋಮಾದಲ್ಲಿ ಒಂದೇ ಕಣ ಲಕ್ಷ ಆಗಿರುತ್ತದೆ, ಒಂದೇ ಪಾಸಿನ ಲಕ್ಷ ಜೆರಾಕ್ಸ್. ಮೆಷಿನ್ನಿನ ಗ್ರಾಫಿನಲ್ಲಿ ಮೊದಲನೆಯದು (ಪಾಲಿಕ್ಲೋನಲ್) ತಗ್ಗು ಗುಡ್ಡದ ಹಾಗೆ ಹರಡಿರುತ್ತದೆ, ಎರಡನೆಯದು (ಕ್ಲೋನಲ್) ದೇವಸ್ಥಾನದ ಗರುಡಗಂಬದ ಹಾಗೆ ಒಂಟಿಯಾಗಿ ನಿಂತಿರುತ್ತದೆ. 2003ರಲ್ಲಿ ಯುರೋಪಿನ ಲ್ಯಾಬುಗಳು ಸೇರಿ ಬಯೋಮೆಡ್-2 ಎಂಬ ಕ್ರಮವನ್ನು ಹೊರತಂದವು. ರಿಪೋರ್ಟಿನಲ್ಲಿ ಆ ಹೆಸರು ಕಂಡರೆ ಒಳ್ಳೆಯ ಲಕ್ಷಣ.

ಮೇಣದ ಬ್ಲಾಕಿನಿಂದಲೇ ಆಗುತ್ತದೆ, ಚೂರು ಕಡಿಮೆ ಸಾಕು, ಮುಂದೆ ಹೇಳುವ ಎನ್‌ಜಿಎಸ್ ಟೆಸ್ಟಿಗಿಂತ ಬಹಳ ಅಗ್ಗ. ಅಷ್ಟೆಲ್ಲ ಗುಣ ಇದ್ದೂ ಮೋಸ ಮಾಡುವ ಟೆಸ್ಟ್ ಇದು. ಎಳ್ಳಿನಷ್ಟು ಚೂರಿನಲ್ಲಿ ಇರುವುದೇ ಹತ್ತಿಪ್ಪತ್ತು ಬಿ-ಕಣ ಆದರೆ, ಸುಮ್ನೆ ಒಂದು ಕಂಬ ಎದ್ದು ನಿಲ್ಲಬಹುದು. ಅದಕ್ಕೇ ಒಂದೇ ಸ್ಯಾಂಪಲ್ಲನ್ನು ಎರಡು ಸಲ ಓಡಿಸಿ, ಎರಡರಲ್ಲೂ ಕಂಬ ಅದೇ ಜಾಗದಲ್ಲಿ ಬಂತಾ ನೋಡುತ್ತಾರೆ. ಶೋಗ್ರೆನ್ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಣ್ಣ ಕಂಬ ಕಾಣಬಹುದು. ಇನ್ನೊಂದು ದಿಕ್ಕಿನಲ್ಲೂ ತಪ್ಪಬಹುದು. ಮಾಲ್ಟ್ ಕಣಗಳ ಜೀನ್ ಮತ್ತೆ ಮತ್ತೆ ಬದಲಾಗಿರುವುದರಿಂದ, ಜೀನಿಗೆ ಅಂಟಬೇಕಾದ ಪ್ರೈಮರ್ ಎಂಬ ಡಿಎನ್‌ಎ ತುಣುಕು ಅಂಟಿಕೊಳ್ಳದೆ ಲಿಂಫೋಮಾ ಇದ್ದೂ ನೆಗೆಟಿವ್ ಬರುತ್ತದೆ. ಐಜಿಎಚ್ ಜೊತೆಗೆ ಐಜಿಕೆ ಎಂಬ ಇನ್ನೊಂದು ಜೀನನ್ನೂ ನೋಡಿದ್ದರೆ ಹೀಗೆ ತಪ್ಪಿಹೋಗುವುದು ಕಡಿಮೆ. ಆದ್ದರಿಂದ "ಕ್ಲೋನಲ್" ಅನ್ನುವ ಒಂದೇ ಪದ ನೋಡಿ ಕ್ಯಾನ್ಸರ್ ಅಂತ ಅಳುವುದೂ ಬೇಡ, "ಪಾಲಿಕ್ಲೋನಲ್" ನೋಡಿ ಕಾಯಿ ಒಡೆಯುವುದೂ ಬೇಡ. ಸ್ಲೈಡ್ ಏನು ಹೇಳುತ್ತದೆ ಅನ್ನುವುದರ ಜೊತೆಗಿಟ್ಟು ಓದಬೇಕು.

ಇನ್ನು ಫಿಶ್. ಇದರ ಹೆಸರು ಹೇಳಿದಾಗ ಮಾವ, "ಫಿಶ್ ಟೆಸ್ಟಾ? ಬಂಗುಡೆಯೋ ಕಾಣೆಯೋ?" ಅಂದಿದ್ದರು. ಕೆಮ್ಮುತ್ತಲೇ ನಕ್ಕರು. ಜೀನಿನ ಎರಡು ತುದಿಗೆ ಕೆಂಪು, ಹಸಿರು ದೀಪ ಕಟ್ಟಿದ ಹಾಗೆ ಇದು. ಜೀನ್ ಸರಿಯಾಗಿದ್ದರೆ ಎರಡೂ ಅಂಟಿಕೊಂಡು ಹಳದಿ ಕಾಣುತ್ತವೆ, ಮುರಿದಿದ್ದರೆ ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಶ್ವಾಸಕೋಶದ ಮಾಲ್ಟ್ ಲಿಂಫೋಮಾದಲ್ಲಿ 11 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಐಆರ್‌ಸಿ3 ಮತ್ತು ಮಾಲ್ಟ್1 ಎಂಬ ಜೀನುಗಳು ಒಂದಕ್ಕೊಂದು ಸೇರಿಕೊಂಡಿರಬಹುದು. ಮಾಲ್ಟ್1 ಬ್ರೇಕ್-ಅಪಾರ್ಟ್ ಫಿಶ್ ಮಾಡಿದರೆ ಈ ಮುರಿತ ಕಾಣುತ್ತದೆ. ಟಿಬಿಯಲ್ಲಿ, ಬರೀ ಉರಿಯೂತದಲ್ಲಿ ಹೀಗಾಗುವುದಿಲ್ಲ. ಅದಕ್ಕೇ ಪಾಸಿಟಿವ್ ಬಂದರೆ ಚರ್ಚೆ ಮುಗಿದ ಹಾಗೆ. ನೆಗೆಟಿವ್ ಬಂದರೆ ಮುಗಿಯುವುದಿಲ್ಲ, ಯಾಕೆಂದರೆ ಅರ್ಧಕ್ಕಿಂತ ಹೆಚ್ಚು ಮಾಲ್ಟ್ ಲಿಂಫೋಮಾಗಳಲ್ಲಿ ಈ ಮುರಿತ ಇರುವುದೇ ಇಲ್ಲ.

ದೊಡ್ಡ ಕಣದ ಲಿಂಫೋಮಾ ಅಂತ ಸ್ಲೈಡ್ ಹೇಳಿದರೆ ಫಿಶ್ ಬೇರೆ ಕೆಲಸಕ್ಕೆ ಬರುತ್ತದೆ. ಆಗ ಮಿಕ್, ಬಿಸಿಎಲ್2, ಬಿಸಿಎಲ್6 ಜೀನುಗಳನ್ನು ನೋಡುತ್ತಾರೆ. ಮಿಕ್ ಮತ್ತು ಬಿಸಿಎಲ್2 ಎರಡೂ ಮುರಿದಿದ್ದರೆ ಡಬಲ್ ಹಿಟ್ ಅನ್ನುತ್ತಾರೆ, ಆಗ ಕೀಮೋ ಇನ್ನೂ ಜೋರಾಗಿರಬೇಕಾಗಬಹುದು. ಇಲ್ಲಿ ಫಿಶ್ ಬಿಡುವುದು ದೊಡ್ಡ ತಪ್ಪು. ಕಣಗಳ ಸುತ್ತ ಸತ್ತ ಜಾಗ, ರಕ್ತನಾಳಕ್ಕೆ ನುಗ್ಗಿದ ಗುರುತು ಇದ್ದರೆ ಎಬರ್ ಎಂಬ ಇನ್ನೊಂದು ಟೆಸ್ಟ್. ಎಪ್‌ಸ್ಟೀನ್-ಬಾರ್ ವೈರಸ್ ಇದೆಯಾ ಅಂತ ಸ್ಲೈಡಿನ ಮೇಲೆಯೇ ಹುಡುಕುವುದು. ಒಂದೇ ಸ್ಲೈಡ್ ಸಾಕು.

ಎನ್‌ಜಿಎಸ್ ಎಂದರೆ ಒಂದೇ ಸಲ ಹತ್ತಾರು, ನೂರಾರು ಜೀನ್ ಓದುವುದು. ಎಲ್ಲಕ್ಕಿಂತ ದುಬಾರಿ, ಎರಡು-ಮೂರು ವಾರ ಹಿಡಿಯುತ್ತದೆ, ಚೂರನ್ನೂ ಜಾಸ್ತಿ ತಿನ್ನುತ್ತದೆ. ಭಾವಮೈದ ಟಿಕ್ ಹಾಕಲು ಹೊರಟಿದ್ದು ಇದಕ್ಕೇ. "ದುಬಾರಿಯದೇ ಒಳ್ಳೆಯದಲ್ವಾ ಭಾವ?" ಆ ಫಾರ್ಮಿನಲ್ಲಿದ್ದದ್ದು ಲಂಗ್ ಪ್ಯಾನೆಲ್. ಇಜಿಎಫ್‌ಆರ್, ಎಎಲ್‌ಕೆ, ಆರ್‌ಓಎಸ್1, ಕೆರಾಸ್. ಇವೆಲ್ಲ ಶ್ವಾಸಕೋಶದ ಮಾಮೂಲಿ ಕ್ಯಾನ್ಸರಿನ ಜೀನುಗಳು. ಲಿಂಫೋಮಾಗೆ ಬೇಕಾದದ್ದು ಮೈಡಿ88, ಇಝಡ್‌ಎಚ್2, ನಾಚ್2, ಟಿಪಿ53 ಇರುವ ಲಿಂಫಾಯ್ಡ್ ಪ್ಯಾನೆಲ್. ಶ್ವಾಸಕೋಶದ ಚೂರು ಅಂತ ಚೀಟಿ ಇದ್ದರೆ ಕಣ್ಣುಮುಚ್ಚಿ ಲಂಗ್ ಪ್ಯಾನೆಲ್ಲಿಗೆ ಕಳಿಸುವವರು ಇದ್ದಾರೆ. ನಾನೇ ಹಿಂದೆ ಕೆಲಸ ಮಾಡಿದ ಒಂದು ಕಡೆ ಹೀಗೆ ಬ್ಲಾಕ್ ಪೂರ್ತಿ ಕೊಯ್ದು ಮುಗಿಸಿ, "ಮ್ಯುಟೇಷನ್ ಇಲ್ಲ" ಅಂತ ರಿಪೋರ್ಟ್ ಬಂದು, ಆಮೇಲೆ ಫಿಶ್‌ಗೆ ಕೊಡಲು ಚೂರೇ ಉಳಿಯದೆ ಆ ಹೆಂಗಸಿಗೆ ಮತ್ತೆ ಸೂಜಿ ಹಾಕಬೇಕಾಯಿತು. ಕೊಯ್ದವನು ನಾನೇ. ಕೇಳಬೇಕಿತ್ತು, ಕೇಳಲಿಲ್ಲ.

ಎಎಲ್‌ಕೆ ಹೆಸರು ಇನ್ನೊಂದು ತಮಾಷೆ. ಅದರಲ್ಲಿರುವ 'ಎಲ್' ಲಿಂಫೋಮಾದ್ದೇ. 1994ರಲ್ಲಿ ಅದು ಮೊದಲು ಸಿಕ್ಕಿದ್ದು ಅನಾಪ್ಲಾಸ್ಟಿಕ್ ಎಂಬ ಲಿಂಫೋಮಾದಲ್ಲಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇನ್ನೊಂದು ಜೀನಿಗೆ ಅಂಟಿಕೊಂಡು ಕಾಣಿಸಿದ್ದು 2007ರಲ್ಲಿ. ಹಾಗಾಗಿ ಎಎಲ್‌ಕೆ ಪಾಸಿಟಿವ್ ಅಂತ ಒಂದು ಸಾಲು ಓದಿ ಯಾವ ಕ್ಯಾನ್ಸರ್ ಅಂತ ಹೇಳಲು ಬರುವುದಿಲ್ಲ.

ಬರೀ ರಕ್ತದಿಂದ ಮಾಡುವ ಲಿಕ್ವಿಡ್ ಬಯಾಪ್ಸಿಯನ್ನು ಮಾರಲು ಬರುವವರೂ ಇದ್ದಾರೆ. ಮೊದಲ ಸಲ ಕಾಯಿಲೆ ಯಾವುದು ಅಂತ ಗುರುತಿಸುವಾಗ ಅದು ಚೂರಿನ ಬದಲಿಗೆ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ಸಾಲು ಹೀಗೆ. ಚಿಕ್ಕ ಕಣ ಕಂಡರೆ ಐಎಚ್‌ಸಿ, ಅನುಮಾನ ಉಳಿದರೆ ಕ್ಲೋನಾಲಿಟಿ, ಜೊತೆಗೆ ಮಾಲ್ಟ್1 ಫಿಶ್. ದೊಡ್ಡ ಕಣ ಕಂಡರೆ ಐಎಚ್‌ಸಿ, ಎಬರ್, ಮೂರು ಜೀನಿನ ಫಿಶ್. ಎನ್‌ಜಿಎಸ್ ಇವೆಲ್ಲ ಕೈಕೊಟ್ಟಾಗ, ಅಥವಾ ಅದರ ಉತ್ತರದಿಂದ ಔಷಧಿ ಬದಲಾಗುತ್ತದೆ ಅಂತ ಡಾಕ್ಟರೇ ಹೇಳಿದಾಗ. "ಈ ಟೆಸ್ಟ್ ಪಾಸಿಟಿವ್ ಬಂದರೆ ಏನು ಮಾಡುತ್ತೀರಿ, ನೆಗೆಟಿವ್ ಬಂದರೆ ಏನು ಮಾಡುತ್ತೀರಿ?" ಅಂತ ಕೇಳಿ ನೋಡಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ದುಡ್ಡು ಉಳಿಸಿ.

ಮುಂಬೈಯಲ್ಲಿ ಎಲ್ಲಿ

1941ರಿಂದ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಎಲ್ಲರ ಬಾಯಲ್ಲೂ ಇದೆ. ದಿನಾ ಲಿಂಫೋಮಾ ನೋಡುವ ಪೆಥಾಲಜಿಸ್ಟುಗಳು ಅಲ್ಲಿದ್ದಾರೆ, ಖಾರ್ಘರ್‌ನ ಆಕ್ಟ್ರೆಕ್ ಎಂಬ ಕೇಂದ್ರದಲ್ಲಿ ಅವರದೇ ರಕ್ತರೋಗದ ಲ್ಯಾಬಿದೆ. ಇಂಥ ಅಪರೂಪದ ಕಾಯಿಲೆಯಲ್ಲಿ ಮೆಷಿನ್ನಿಗಿಂತ ನೋಡುವ ಕಣ್ಣು ಮುಖ್ಯ. ಜನರಲ್ ಫೈಲ್ ಮಾಡಿಸಿದರೆ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಪ್ರೈವೇಟ್ ಫೈಲ್ ಬೇರೆ ಲೆಕ್ಕ. ಕಲಬುರಗಿ, ವಿಜಯಪುರ ಕಡೆಯಿಂದ ರಾತ್ರಿ ಟ್ರೇನಿನಲ್ಲಿ ಬಂದಿಳಿದು ನೇರ ಗೇಟಿಗೆ ಬರುವವರನ್ನು ದಿನಾ ನೋಡುತ್ತೇನೆ. ಅವರಿಗೆ ಹೇಳುವುದು ಒಂದೇ: ಬರೀ ರಿಪೋರ್ಟ್ ತರಬೇಡಿ, ಬ್ಲಾಕ್ ಮತ್ತು ಸ್ಲೈಡ್ ತನ್ನಿ. ಊರಿನ ಲ್ಯಾಬಿನಲ್ಲಿ ಒಂದು ಅರ್ಜಿ ಬರೆದುಕೊಟ್ಟು ಕೇಳಿ. ಅವಿಲ್ಲದೆ ಬಂದರೆ ಬ್ಲಾಕಿಗಾಗಿ ಮತ್ತೊಂದು ಸಲ ಊರಿಗೆ ಓಡಬೇಕು.

ಕೆಇಎಂ, ಸಾಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಬ್ರಾಂಕೋಸ್ಕೋಪಿ, ಟಿಬಿ ಪರೀಕ್ಷೆ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಜೀನ್ ಟೆಸ್ಟನ್ನು ಹೊರಗೆ ಬರೆದುಕೊಡಬಹುದು. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದವರು ಆರೋಗ್ಯಮಿತ್ರ ಕೌಂಟರಿನಲ್ಲಿ ಜನ ಆರೋಗ್ಯ ಯೋಜನೆ ಬಗ್ಗೆ ಕೇಳಿ. ಟೆಸ್ಟಿನ ಖರ್ಚು ಅದರಲ್ಲಿ ಬರುತ್ತದಾ, ಇಲ್ಲ ಬರೀ ಚಿಕಿತ್ಸೆಯದಾ ಅಂತ ಬಿಡಿಸಿ ಕೇಳಿ.

ಖಾಸಗಿ ಲ್ಯಾಬ್ ಆದರೆ, ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ಲ್ಯಾಬಿಗೆ ಇದ್ದರೆ ಸಾಲದು, ಆ ಟೆಸ್ಟಿಗೂ ಇರಬೇಕು. ಇಲ್ಲೇ ಮಾಡುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ ಕೇಳಿ. ಉಳಿದ ಬ್ಲಾಕ್ ವಾಪಸ್ ಕೊಡುತ್ತೀರಾ ಅನ್ನುವುದನ್ನು ರಸೀದಿ ಮೇಲೆ ಬರೆಸಿಕೊಳ್ಳಿ. ಬ್ಲಾಕಿಗೆ ಫ್ರಿಜ್ ಬೇಡ. ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಮಾವನಿಗೆ ಎರಡನೇ ಸಲ ಸಿಟಿ ಗೈಡೆಡ್ ಕೋರ್ ಮಾಡಿಸಿದೆವು. ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ. ಐದು ಎಳೆ, ಮೂರು ಡಬ್ಬಿ. ಸಿಬಿನಾಟ್ ನೆಗೆಟಿವ್. ಸಿಡಿ20 ಪಾಸಿಟಿವ್, ಕೆಐ-67 ಕಡಿಮೆ, ಕ್ಲೋನಾಲಿಟಿಯಲ್ಲಿ ಎರಡು ಸಲವೂ ಅದೇ ಜಾಗದಲ್ಲಿ ಕಂಬ. ಹತ್ತು ದಿನದ ಮೇಲೆ ಫಿಶ್ ಬಂತು, ಮಾಲ್ಟ್1 ಮುರಿದಿತ್ತು. ಮಾಲ್ಟ್ ಲಿಂಫೋಮಾ. ರಿಟುಕ್ಸಿಮ್ಯಾಬ್ ಎಂಬ ಲಿಂಫೋಮಾ ಔಷಧಿ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದರು. ಹಳೆ ವೈರಸ್ ಒಳಗೆ ಮಲಗಿದ್ದರೆ ಆ ಔಷಧಿಗೆ ಎದ್ದು ಕೂರುತ್ತದೆ ಅಂತ.

ಲಂಗ್ ಪ್ಯಾನೆಲ್ಲಿನ ಫಾರ್ಮ್ ಟಿಕ್ ಇಲ್ಲದೆ ಹಾಗೇ ಇದೆ. ಉಳಿದ ಬ್ಲಾಕನ್ನು ಭಾವಮೈದ ಹಳೆ ಕನ್ನಡಕದ ಡಬ್ಬಿಯಲ್ಲಿ ಹಾಕಿ ಕಪಾಟಿನ ಲಾಕರಿನಲ್ಲಿ, ಅತ್ತೆಯ ಬಳೆಗಳ ಪಕ್ಕ ಇಟ್ಟಿದ್ದಾನೆ. ಮೇಲೆ ಚೀಟಿ ಅಂಟಿಸಿದ್ದಾನೆ: "ಭಾವನನ್ನು ಕೇಳದೆ ಯಾರಿಗೂ ಕೊಡಬಾರದು."